ಗಿರಿಜತ್ತೆಯ ಸಿಂಕಿಗೆ ವಾಪಸು ಬಂದ ನೀರು

ನಮ್ಮ ಮನೆಯಿಂದ ಒಂದು ಡಿಗ್ರಿ ಹೊರಬೀಳುವುದು ಸಾಧ್ಯವೇ ಇಲ್ಲ ಎಂದವರು ನನ್ನ ಸೋದರಮಾವ, ಅನಂತ ಮಾವ. ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಒಂದು ಕಾರ್ಖಾನೆಯ ಕ್ಯಾಂಟೀನು ಅವರ ಕೈಯಲ್ಲಿತ್ತು. ನನ್ನ ಅಪ್ಪ ಅದೇ ಕ್ಯಾಂಟೀನಿನ ಅಡುಗೆಯವರು. ಹತ್ತನೆಯ ತರಗತಿ ಪಾಸಾದಾಗ ನಾನು ಪೇಡೆ ಹಿಡಿದುಕೊಂಡು ಹೋದೆ. ಮಾವ ಪೇಡೆ ಬಾಯಿಗೆ ಹಾಕಿಕೊಂಡೇ ಹೇಳಿದರು: "ಸಾಕು ವಸಂತಿ. ಡಿಗ್ರಿಗಿಗ್ರಿ ಎಲ್ಲ ನಮ್ಮ ಮನೆಗೆ ಆಗುವಂಥದ್ದಲ್ಲ. ಟೈಪಿಂಗ್ ಕಲಿ, ಯಾವುದಾದರೂ ಆಫೀಸು ನೋಡುವ." ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಉಡುಪಿ ಕಡೆಯಿಂದ ಬರಿಗೈಯಲ್ಲಿ ಬಂದು, ಲೋಟ ತೊಳೆದು, ಕ್ಯಾಂಟೀನು ಹಿಡಿದವರು. ತಾವು ಕಂಡಷ್ಟನ್ನು ಹೇಳಿದರು.

ನಾನು ಟೈಪಿಂಗ್ ಕಲಿಯಲಿಲ್ಲ. ಸಿವಿಲ್ ಡಿಪ್ಲೊಮಾ ಮಾಡಿ ಕೆಲಸಕ್ಕೆ ಸೇರಿದೆ. ಕೆಲಸ ಮಾಡುತ್ತಲೇ ಸಂಜೆ ಕಾಲೇಜಿನಲ್ಲಿ ವರ್ಷಗಟ್ಟಲೆ ಎಳೆದು, ಗಣಿತದಲ್ಲಿ ಬಿದ್ದು ಎದ್ದು, ಬಿ.ಇ. ಮುಗಿಸಿದೆ. ಅಪ್ಪನ ಕಡೆ, ಅಮ್ಮನ ಕಡೆ ಎರಡನ್ನೂ ಸೇರಿಸಿದರೂ ಅದೇ ಮೊದಲ ಪದವಿ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸುಲಭಕ್ಕೆ ಸಿಕ್ಕಿದ್ದಾಗಿದ್ದರೆ ಸಂಕೋಚಪಡುತ್ತಿದ್ದೆನೋ ಏನೋ. ಆ ಡಿಗ್ರಿ ಹಿಡಿದು ನಾನು ಸೇತುವೆ ಕಟ್ಟಲಿಲ್ಲ. ಹೌಸಿಂಗ್ ಸೊಸೈಟಿಗಳ ರಿಪೇರಿ ನೋಡುವ ಒಂದು ಖಾಸಗಿ ಕಂಪನಿಯಲ್ಲಿ, ನಿವೃತ್ತಿಯಾಗುವವರೆಗೂ, ಠಾಣೆಯಿಂದ ನವಿ ಮುಂಬಯಿಯವರೆಗೆ ಜನರ ಮನೆಯ ಕಟ್ಟಿಕೊಂಡ ಮೋರಿಗಳನ್ನು ನೋಡಿದೆ. ಇಲ್ಲಿ ಅದನ್ನು ಎಲ್ಲ ಭಾಷೆಯವರೂ 'ಚೋಕಪ್' ಎಂದೇ ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತೇನೆ.

ಬಡ್ತಿಗಳ ಕಥೆ ಬಿಡುತ್ತೇನೆ. ಅವು ಬಂದವು, ಕುರ್ಚಿ ಬದಲಾಯಿತು, ಮೋರಿ ಅದೇ ಇತ್ತು. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ಒಮ್ಮೆ ಕಟ್ಟಿದ ಮೋರಿಯನ್ನು ಯಾರು ಬೇಕಾದರೂ ಬಿಡಿಸಬಹುದು. ಮತ್ತೆ ಮತ್ತೆ ಕಟ್ಟುವ ಮೋರಿಗೆ ಮಾತ್ರ ಎಂಜಿನಿಯರು ಬೇಕು. ಬಿಡಿಸಿ ಹೋದವನ ಬೆನ್ನಿಗೇ ಅದು ಪುನಃ ಕಟ್ಟಿತು ಎಂದರೆ ಅವನು ಕಸ ತೆಗೆದಿದ್ದಾನೆ, ಕಾರಣ ಅಲ್ಲೇ ಇದೆ.

ನಾನು ಸೇರಿದಾಗ ನಮ್ಮ ಆಯುಧ ಬಿದಿರಿನ ಉದ್ದನೆಯ ಸೀಳು. ಒಂದಕ್ಕೊಂದು ಕಟ್ಟಿ ಪೈಪಿನೊಳಗೆ ತಳ್ಳುವುದು, ಸಿಕ್ಕಿಕೊಂಡರೆ ಎಳೆಯುವುದು, ಅದು ಮುರಿದು ಒಳಗೇ ಉಳಿದರೆ ಸೊಸೈಟಿಯವರ ಬೈಗುಳ ತಿನ್ನುವುದು. ಆಮೇಲೆ ಸುರುಳಿ ಸ್ಪ್ರಿಂಗು ಬಂತು. ಆಮೇಲೆ ನೀರನ್ನು ಜೋರಾಗಿ ಚಿಮ್ಮಿಸುವ ಯಂತ್ರ, ಕೊನೆಗೆ ಕೇಬಲ್ಲಿನ ತುದಿಗೆ ಕ್ಯಾಮೆರಾ. ಈಗಿನವರು ಬ್ಯಾಗು ತೆರೆದ ಕೂಡಲೇ ಕ್ಯಾಮೆರಾ ಇಳಿಸುತ್ತಾರೆ. ಕ್ಯಾಮೆರಾ ಒಳ್ಳೆಯದೇ. ಪೈಪಿನಲ್ಲಿ ಏನಿದೆ ಎಂದು ಅದು ತೋರಿಸುತ್ತದೆ. ಯಾಕಿದೆ ಎಂದು ತಿಳಿಯಬೇಕಾದರೆ ಅಡುಗೆಮನೆಯಲ್ಲಿ ಕೂತು ಚಹಾ ಕುಡಿಯಬೇಕು. ಇದರಲ್ಲಿ ಹೆಂಗಸಾದ್ದರಿಂದ ನನಗೆ ಅನುಕೂಲವಾಯಿತು. ಪ್ಲಂಬರನನ್ನು ಬಾಗಿಲಲ್ಲೇ ನಿಲ್ಲಿಸುವ ಮನೆಯವರು ನನಗೆ ಮಣೆ ಹಾಕಿ ಕೂರಿಸಿ ಇಡೀ ಕಟ್ಟಡದ ಸುದ್ದಿ ಹೇಳುತ್ತಿದ್ದರು.

ನನ್ನ ಮೊದಲ ಮೇಲಧಿಕಾರಿ ಜೋಶಿ ಸಾಹೇಬರು. ಕಲ್ಯಾಣದವರು, ಮಾತು ಕಡಿಮೆ. ಯಾವ ಚೋಕಪ್ಪಿಗೆ ಹೊರಟರೂ ಅವರದು ಒಂದೇ ಮಾತು: "ಆಧೀ ವಿಚಾರ, ಮಗ ಖೋದ." ಮೊದಲು ಕೇಳು, ಆಮೇಲೆ ಅಗೆ. ಎರಡು ಸಂದರ್ಭಗಳಲ್ಲಿ ಈ ಮಾತು ನನ್ನ ತಲೆಗಿಳಿಯಿತು.

ನೆರೂಳಿನ ಒಂದು ಸೆಕ್ಟರಿನಲ್ಲಿ ಮೇಲಿನ ಮನೆಯವರಿಗೂ ಕೆಳಗಿನ ಮನೆಯವರಿಗೂ ಬಾತ್‌ರೂಮಿನ ನೀರಿನ ಜಗಳ. ಕೆಳಗೆ ಬರುವ ನೀರು ಮೇಲಿನವರದೋ ಪಕ್ಕದವರದೋ ಎಂದು ಗೊತ್ತಾಗಬೇಕಿತ್ತು. ಬಣ್ಣದ ನೀರು ಬಿಟ್ಟು ನೋಡುವುದು ಹಳೆಯ ಉಪಾಯ. ನಾನು ಹೋಳಿ ಕಳೆದು ಉಳಿದಿದ್ದ ಕೆಂಪು ಬಣ್ಣ ಕಲಸಿ ಮೇಲಿನ ಬಾತ್‌ರೂಮಿನಲ್ಲಿ ಹೊಯ್ದೆ. ಕೆಳಗಿನ ಮನೆಯಲ್ಲಿ ಯಾರಾದರೂ ಸ್ನಾನಕ್ಕೆ ಕೂತಿದ್ದಾರೆಯೇ ಎಂದು ಕೇಳಲಿಲ್ಲ. ಕೂತಿದ್ದರು, ಆ ಮನೆಯ ಅಜ್ಜಿ. ಕಾಲಡಿಯಿಂದ ಕೆಂಪು ನೀರು ಏರಿ ಬಂದದ್ದು ನೋಡಿ ಅವರಿಗೆ ಎಚ್ಚರ ತಪ್ಪಿತು. ಮನೆಯವರು ಡಾಕ್ಟರನ್ನು ಕರೆಸಿದರು, ಮತ್ತೆ ನನ್ನನ್ನು ಕರೆಸಿದರು. ಜೋಶಿ ಸಾಹೇಬರು ಅಜ್ಜಿಯ ಮುಂದೆ ಕೈಮುಗಿದು ನಿಂತರು. ರಸ್ತೆಗೆ ಬಂದ ಮೇಲೆ ನನಗೆ ಹೇಳಿದ್ದು ಇಷ್ಟೇ: "ಇನ್ನು ಮುಂದೆ ನೀಲಿ." ಆಮೇಲೆ ನನ್ನ ಚೀಲದಲ್ಲಿ ಬಟ್ಟೆಗೆ ಹಾಕುವ ನೀಲಿಯ ಬಾಟಲಿ ತಪ್ಪಲೇ ಇಲ್ಲ.

ಇನ್ನೊಂದು ಕಳಂಬೋಲಿಯಲ್ಲಿ. ಕಬ್ಬಿಣದ ಮಾರ್ಕೆಟ್ಟಿನ ಒಬ್ಬ ವ್ಯಾಪಾರಿಯ ಮನೆ. ಬಾತ್‌ರೂಮಿನ ನೆಲದ ಜಾಲರಿಯ ಕೆಳಗೆ ನೀರು ನಿಲ್ಲುವ ಬಾಗು ಇರುತ್ತದಲ್ಲ, ಅದು ಪದೇ ಪದೇ ಕಟ್ಟುತ್ತಿತ್ತು. ಕೂದಲಲ್ಲ, ಸಾಬೂನಲ್ಲ, ಕಪ್ಪು ಕೆಸರು. ಎಷ್ಟು ತೆಗೆದರೂ ಮತ್ತೆ ಅಷ್ಟೇ. ಜೋಶಿ ಸಾಹೇಬರು ಕೆಸರು ಮುಟ್ಟಲೂ ಇಲ್ಲ. ಮನೆಯಾಕೆಯ ಹತ್ತಿರ ಕೇಳಿದರು: "ಗಂಡಸರು ಗೋದಾಮಿನಿಂದ ಬಂದು ಎಲ್ಲಿ ಕೈಕಾಲು ತೊಳೀತಾರೆ?" ಆಮೇಲೆ ಜೇಬಿನಿಂದ ಒಂದು ಅಯಸ್ಕಾಂತ ತೆಗೆದು ಆ ಕೆಸರಿನ ಮೇಲೆ ಹಿಡಿದರು. ಕೆಸರು ಎದ್ದು ಬಂದು ಅಂಟಿಕೊಂಡಿತು. ಬಟ್ಟೆಯಲ್ಲಿ, ಕೈಯಲ್ಲಿ ಬಂದ ಕಬ್ಬಿಣದ ಪುಡಿ. ಮನೆಯ ಹೊರಗೆ ಕೈ ತೊಳೆಯಲು ಒಂದು ಬಕೆಟ್ ಇಟ್ಟರು, ಚೋಕಪ್ ನಿಂತಿತು. ಒಂದು ಮನೆಯಿಂದ ಏನು ಹೊರಗೆ ಹೋಗುತ್ತದೆ ಎಂದು ನೋಡುವ ಮೊದಲು ಏನು ಒಳಗೆ ಬರುತ್ತದೆ ಎಂದು ನೋಡಬೇಕು. ಇದನ್ನು ಮೂರು ದಶಕ ಬೇರೆಯವರ ಮನೆಗಳಲ್ಲಿ ಉಪಯೋಗಿಸಿದೆ. ಕೊನೆಯಲ್ಲಿ ನಮ್ಮವರದೇ ಮನೆಗೆ ಬೇಕಾಯಿತು.

ಅನಂತ ಮಾವ ಕ್ಯಾಂಟೀನು ಬಿಟ್ಟ ಮೇಲೆ ಡೊಂಬಿವಲಿಯಲ್ಲಿ ಒಂದು ಹಳೆಯ ಕಟ್ಟಡದ ನೆಲಮಹಡಿಯಲ್ಲಿ ಮನೆ ಮಾಡಿದ್ದರು. ನಾಲ್ಕು ಮಹಡಿ. ಕಟ್ಟಡದ ಆ ಭಾಗದಲ್ಲಿ, ಅಂದರೆ ಆ ವಿಂಗಿನಲ್ಲಿ, ಹೆಚ್ಚಿನವರು ನಮ್ಮ ಉಡುಪಿ ಕಡೆಯವರೇ. ಮಾವನಿಗೆ ಮಂಡಿ ನೋವು, ಕೋಲು ಹಿಡಿದು ನಡೆಯುವುದು. ಮಕ್ಕಳಿಲ್ಲ. ಮನೆ ನಡೆಯುತ್ತಿದ್ದುದು ಅವರ ಹೆಂಡತಿ ಗಿರಿಜತ್ತೆಯ ದೋಸೆ ಹಿಟ್ಟಿನಿಂದ. ಅತ್ತೆ ದಿನಾ ಉದ್ದು, ಅಕ್ಕಿ ರುಬ್ಬಿ ಸುತ್ತಲಿನ ಮನೆಗಳಿಗೆ ಹಿಟ್ಟು ಮಾರುತ್ತಿದ್ದರು. ಆ ಗಲ್ಲಿಯಲ್ಲಿ ಗಿರಿಜತ್ತೆಯ ಹಿಟ್ಟು ಎಂದರೆ ಬೆಳಗಿನ ಹೊತ್ತಿಗೆ ಬಾಗಿಲ ಮುಂದೆ ಡಬ್ಬಿಗಳ ಸಾಲು.

ನನ್ನ ನಿವೃತ್ತಿಗೆ ಮೊದಲಿನ ದೀಪಾವಳಿ ಮುಗಿದಿತ್ತು. ಮಾವನ ಫೋನು ಬಂತು.

"ವಸಂತಿ, ಒಂದು ಸರ್ಟಿಫಿಕೇಟು ಬೇಕಿತ್ತು."

"ಎಂತದು ಮಾವ?"

"ಅತ್ತೆಯ ಸಿಂಕಿನಲ್ಲಿ ನೀರು ವಾಪಸು ಬರ್ತಾ ಉಂಟು. ಸೆಕ್ರೆಟರಿ ಹೇಳ್ತಾನೆ, ಹಿಟ್ಟು ತೊಳೆದ ನೀರಿನಿಂದ ಇಡೀ ಲೈನು ಚೋಕಪ್ ಅಂತ. ಮೀಟಿಂಗ್ ಮಾಡಿ ರುಬ್ಬುವುದು ಬಂದ್ ಮಾಡಿಸಿದ್ದಾರೆ. ಡಿಗ್ರಿ ಇರುವ ಎಂಜಿನಿಯರು ಹಿಟ್ಟಿನಿಂದ ಅಲ್ಲ ಅಂತ ಬರೆದುಕೊಟ್ಟರೆ ಪುನಃ ಶುರು ಮಾಡಬಹುದಂತೆ. ನೀನು ಬರೆದು ಕಳಿಸು."

"ನೋಡದೆ ಹೇಗೆ ಬರೆಯುವುದು? ಹಿಟ್ಟಿನಿಂದಲೇ ಆಗಿರಬಹುದಲ್ಲ."

"ಸ್ವಂತ ಮಾವನಿಗೆ ಒಂದು ಕಾಗದ ಕೊಡಲಿಕ್ಕೆ ಆಗದ ಡಿಗ್ರಿ ಎಂತಕ್ಕೆ ಮಾರಾಯ್ತಿ?" ಎಂದು ಫೋನು ಇಟ್ಟರು.

ಆಫೀಸಿನಲ್ಲಿ ಇದು ನನ್ನ ಸಂಬಂಧಿಕರ ಮನೆ ಎಂದು ಮೊದಲೇ ತಿಳಿಸಿ, ಆಮೇಲೆ ಹೋದೆ. ಹಿಟ್ಟಿನ ಮೇಲೆ ನನಗೂ ಸಂಶಯವಿತ್ತು. ಉದ್ದಿನ ಅಂಟು ಪೈಪಿಗೆ ಒಳ್ಳೆಯದಲ್ಲ. ಅತ್ತೆ ಗ್ರೈಂಡರನ್ನು ತೊಳೆದು, ಒರೆಸಿ, ಅದರ ಮೇಲೆ ಹಳೆಯ ಸೀರೆ ಹೊದೆಸಿ ಮೂಲೆಯಲ್ಲಿಟ್ಟಿದ್ದರು. ಯಾರೋ ಕಾಯಿಲೆಯವರನ್ನು ಮಲಗಿಸಿದ ಹಾಗೆ ಕಾಣುತ್ತಿತ್ತು. "ಕೈಗೆ ಕೆಲಸ ಇಲ್ಲದೆ ನಿದ್ರೆ ಬರುವುದಿಲ್ಲ ಮಗಾ," ಎಂದರು. ಬೇರೇನೂ ದೂರಲಿಲ್ಲ.

ಆ ವಿಂಗಿನ ಅಡುಗೆಮನೆಗಳ ನೀರೆಲ್ಲ ಹಿಂಬದಿಯ ಗೋಡೆಯ ಒಂದೇ ಬೀಡುಕಬ್ಬಿಣದ ಪೈಪಿನಲ್ಲಿ ಇಳಿದು, ಬುಡದಲ್ಲಿ ತಿರುಗಿ, ಹಿಂದಿನ ಓಣಿಯ ಗುಂಡಿಗೆ ಹೋಗುತ್ತಿತ್ತು. ತಿರುವಿನಲ್ಲಿ ಕಟ್ಟಿದರೆ ನೀರು ಏರುವುದು ಎಲ್ಲರಿಗಿಂತ ಕೆಳಗಿನ ಸಿಂಕಿನಲ್ಲಿ. ಅದು ಅತ್ತೆಯದು. ಯಾರ ಮನೆಯ ಕೊಳೆ ಎಂದು ಲೆಕ್ಕವಿಲ್ಲ, ಬರುವುದು ಅತ್ತೆಗೆ. ಬಂದದ್ದು ಕಾಣುವುದರಿಂದ ಅಪವಾದವೂ ಅತ್ತೆಗೆ. ಈ ಕೆಲಸದಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ನೀರು ತುಂಬಿದ ಮನೆಯವರನ್ನೇ ಜನ ಮೊದಲು ಬೈಯುತ್ತಾರೆ.

ಪೈಪು ಪೂರ್ತಿ ಶುಚಿ ಮಾಡಿಸಿದೆ. ಗ್ರೈಂಡರು ಮೂಲೆಯಲ್ಲೇ ಇತ್ತು. ಡಿಸೆಂಬರ್ ಬಂದಾಗ ಅತ್ತೆಯ ಸಿಂಕಿನಲ್ಲಿ ಮತ್ತೆ ನೀರು ಏರಿತು. ಒಂದು ಹನಿ ಹಿಟ್ಟೂ ಪೈಪಿಗೆ ಹೋಗದೆ ಚೋಕಪ್ ಆಗಿತ್ತು.

ಸೆಕ್ರೆಟರಿ ಪಾಟೀಲರು ಗದಗಿನ ಕಡೆಯವರು, ಮೂರನೆಯ ಮಹಡಿಯಲ್ಲಿದ್ದರು. ಕೆಟ್ಟವರಲ್ಲ, ಹಿಡಿದ ಹಟ ಬಿಡುವವರಲ್ಲ. "ಹಳೀ ಹಿಟ್ಟು ಎಲ್ಲ್ಯೋ ಒಳಗ ಕುಂತಿರತೈತ್ರಿ ಮೇಡಂ," ಎಂದರು. "ಮತ್ತ ನೀವು ಅವರ ಸೊಸಿ. ನಿಮ್ಮ ಸರ್ಟಿಫಿಕೇಟ್ ನಾಳೆ ಮೀಟಿಂಗ್‌ನ್ಯಾಗ ಯಾರು ಒಪ್ಪತಾರ ಹೇಳ್ರಿ?"

ಅವರು ಹೇಳಿದ್ದು ನ್ಯಾಯವೇ. ನಾನು ಬರೆದರೆ ಸಾಲದು, ಅವರೇ ನೋಡಬೇಕು. ಏನನ್ನು ತೋರಿಸುವುದು ಎಂದು ಮಾತ್ರ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಅತ್ತೆಯ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದೆ. ಅತ್ತೆ ತೆಂಗಿನೆಣ್ಣೆಯ ಬಾಟಲಿಯನ್ನು ಎದುರಿನ ಕೋಣೆಯ ಕಿಟಕಿಯ ಬಿಸಿಲಿಗೆ ಇಟ್ಟು ಬಂದರು. ಚಳಿಗೆ ಎಣ್ಣೆ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು. ಬಂದವರೇ ಒಲೆಯ ಮೇಲಿನ ಕುಚ್ಚಲಕ್ಕಿ ಅನ್ನ ಬಸಿದು, ಆ ಕುದಿಯುವ ತೆಳಿಯನ್ನು ಹಾಗೇ ಸಿಂಕಿಗೆ ಹೊಯ್ದರು.

"ಅದೆಂತ ಅತ್ತೆ, ತೆಳಿ ಬಿಸಾಡ್ತೀರಾ?"

"ಬಿಸಾಡುವುದಲ್ಲ, ಇದು ಮದ್ದು. ಬಿಸಿ ತೆಳಿ ಹೊಯ್ದರೆ ಸಿಂಕು ಸಲೀಸು ಬಿಡ್ತದೆ. ಮೇಲಿನ ವಾರಿಜಳಿಗೆ, ಅವಳ ಮೇಲಿನವರಿಗೆ, ನಮ್ಮ ಕಡೆಯವರೆಲ್ಲರಿಗೂ ನಾನೇ ಹೇಳಿಕೊಟ್ಟದ್ದು. ಈಗ ಎಲ್ಲರೂ ಹೊಯ್ತಾರೆ."

ನಾನು ಲೋಟ ಕೆಳಗಿಟ್ಟು ಹಿಂದಿನ ಓಣಿಗೆ ಹೋದೆ. ಪೈಪಿನ ಬುಡ ಮುಟ್ಟಿ ನೋಡಿದೆ. ಬಿಸಿಲು ಎಂದೂ ಬೀಳದ ಜಾಗ, ಪೈಪು ತಣ್ಣಗೆ ಕೊರೆಯುತ್ತಿತ್ತು. ಉಳಿದದ್ದು ಯಾರಿಗಾದರೂ ಹೊಳೆಯುವಂಥದ್ದು. ಆ ವಿಂಗಿನಲ್ಲಿ ಒಗ್ಗರಣೆಗೂ ಪಲ್ಯಕ್ಕೂ ತೆಂಗಿನೆಣ್ಣೆ, ಮೇಲೆ ಕಾಯಿ ಅರೆದ ಮಸಾಲೆ. ಕುದಿಯುವ ತೆಳಿ ಸಿಂಕಿನ ಬಾಗಿನಲ್ಲಿದ್ದ ಎಣ್ಣೆಯನ್ನು ಕರಗಿಸುತ್ತದೆ, ಸಿಂಕು ಬಿಟ್ಟಂತೆ ಕಾಣುತ್ತದೆ. ಕರಗಿದ ಎಣ್ಣೆ ತೆಳಿಯ ಜೊತೆಗೇ ಇಳಿದು ತಣ್ಣನೆಯ ಬುಡದಲ್ಲಿ ಹೆಪ್ಪುಗಟ್ಟುತ್ತದೆ. ತೆಳಿ ಅದಕ್ಕೆ ಗೋಂದಿನ ಕೆಲಸ ಮಾಡುತ್ತದೆ. ಹೆಚ್ಚಿನ ಮನೆಯವರು ಪ್ರತಿದಿನ ಒಂದೊಂದು ಪದರ ಗಾರೆ ಹಾಕುತ್ತಿದ್ದರು. ಮದ್ದೇ ರೋಗವಾಗಿತ್ತು. ಕರಾವಳಿಯವರು ಒಟ್ಟಾಗಿ ಇರುವ ವಿಂಗಿನಲ್ಲಿ, ಚಳಿಗಾಲದಲ್ಲಿ, ಬೀಡಿನ ಪೈಪಿನಲ್ಲಿ ಮಾತ್ರ ಆಗಬಹುದಾದ ಚೋಕಪ್.

ಮುಂದಿನ ಭಾನುವಾರ ಕ್ಯಾಮೆರಾ ತರಿಸಿ ಎಲ್ಲರನ್ನೂ ಓಣಿಗೆ ಕರೆದೆ. ಪರದೆಯಲ್ಲಿ ಪೈಪಿನ ಒಳಮೈ ಕಂಡಿತು, ಸುಣ್ಣ ಬಳಿದ ಹಾಗೆ ಬೆಳ್ಳಗೆ. ಬುಡದಲ್ಲಿ ಬೆರಳು ತೂರುವಷ್ಟೇ ದಾರಿ.

"ನೋಡ್ರಿ, ಹಿಟ್ಟು," ಎಂದರು ಪಾಟೀಲರು.

ಪೈಪಿನ ತಿರುವನ್ನು ಬಿಚ್ಚಿಸಿ, ಒಂದು ಮುದ್ದೆ ತೆಗೆಸಿ, ಹಳೆಯ ಅಲ್ಯುಮಿನಿಯಂ ಪಾತ್ರೆಗೆ ಹಾಕಿ, ಓಣಿಯಲ್ಲೇ ಸಣ್ಣ ಸ್ಟವ್ ಹಚ್ಚಿದೆ. "ಉದ್ದಿನ ಹಿಟ್ಟು ಬಿಸಿಗೆ ಗಟ್ಟಿಯಾಗುತ್ತದೆ," ಎಂದೆ. "ಇದು ಏನಾಗುತ್ತದೆ ನೋಡಿ."

ಅದು ಕರಗಿತು. ಮೇಲೆ ಎಣ್ಣೆ ತೇಲಿತು, ಕೆಳಗೆ ಗಂಜಿ ನಿಂತಿತು. ಕೊಳೆತ ವಾಸನೆಯ ನಡುವೆಯೂ ತೆಂಗಿನೆಣ್ಣೆಯ ವಾಸನೆ ಎದ್ದು ಬಂತು. ಮೊದಲನೆಯ ಮಹಡಿಯ ವಾರಿಜಕ್ಕ ಮೂಗಿಗೆ ಸೆರಗು ಹಿಡಿದುಕೊಂಡು ಹತ್ತಿರ ಬಂದು ನೋಡಿದರು.

"ಇದು ನಮ್ಮದೇ," ಎಂದರು. "ಗಿರಿಜಕ್ಕ, ನಿಮ್ಮ ಮದ್ದು ಬಾರೀ ಚಂದ ಆಯ್ತು."

"ಎಣ್ಣೆ ನಿನ್ನದೂ ಉಂಟಲ್ಲ ಮಾರಾಯ್ತಿ," ಎಂದರು ಅತ್ತೆ.

ಪಾಟೀಲರು ಪಾತ್ರೆಯನ್ನು ಸುತ್ತಿ ಬಂದು ಎರಡೂ ಕಡೆಯಿಂದ ನೋಡಿದರು. "ನಮ್ಮ ಮನ್ಯಾಗ ಶೇಂಗಾ ಎಣ್ಣೀರಿ. ಜ್ವಾಳದ ರೊಟ್ಟಿ. ಅನ್ನ ಬಸಿಯೂ ಪದ್ಧತೀನ ಇಲ್ಲ."

"ಹೌದು ಪಾಟೀಲರೇ, ನಿಮ್ಮ ಮನೆಯೊಂದು ಇದರಲ್ಲಿ ಇಲ್ಲ," ಎಂದೆ.

"ಅಂದ್ರ ಈ ಕೆಲಸದ ಖರ್ಚಿನ್ಯಾಗೂ ನಾವು ಇಲ್ಲ," ಎಂದರು. ಎಲ್ಲರೂ ನಕ್ಕರು. ಅವರು ನಗಲಿಲ್ಲ. ಮುಂದೆ ತಮ್ಮ ಪಾಲಿನ ಖರ್ಚು ಕೊಟ್ಟರು, ಅದು ಬೇರೆ ಮಾತು.

ಬುಡದ ಬೀಡಿನ ಪೈಪು ತೆಗೆಸಿ, ಇಳಿಜಾರು ಸರಿಮಾಡಿ, ನುಣುಪಾದ ದಪ್ಪ ಪ್ಲಾಸ್ಟಿಕ್ ಪೈಪು ಹಾಕಿಸಿದೆ. ತಿರುವಿನಲ್ಲಿ ಬಿಚ್ಚಿ ಶುಚಿ ಮಾಡಲು ಒಂದು ಮುಚ್ಚಳ. ಮನೆಮನೆಗೆ ಹೋಗಿ ಹೇಳಿದೆ: ಜಿಡ್ಡಿನ ಪಾತ್ರೆಯನ್ನು ಕಾಗದದಲ್ಲಿ ಒರೆಸಿ ತೊಳೆಯಿರಿ, ತೆಳಿ ಸಿಂಕಿಗೆ ಬೇಡ. "ಹಾಗಾದರೆ ಉಪ್ಪು ಹಾಕಿ ಕುಡಿಯುವುದೇ," ಎಂದರು ವಾರಿಜಕ್ಕ. ಕುಡಿಯುತ್ತಿದ್ದಾರೆ ಕೂಡ. ಅತ್ತೆಗೆ ಇನ್ನೊಂದು ಹೇಳಿದೆ: ರುಬ್ಬಿದ ಪಾತ್ರೆ ತೊಳೆದ ನೀರನ್ನು ಬಕೆಟ್ಟಿನಲ್ಲಿ ತಿಳಿಯಾಗಲು ಬಿಟ್ಟು, ಮೇಲಿನ ನೀರನ್ನಷ್ಟೇ ಸಿಂಕಿಗೆ ಬಿಡಬೇಕು.

ಇಷ್ಟಾದರೂ ಪಾಟೀಲರು, "ತಂಡಿ ಹೋಗೂ ತನಕಾ ನೋಡೋಣ್ರಿ," ಎಂದರು. ನನಗೂ ಅದೇ ಬೇಕಿತ್ತು. ಜನವರಿಯ ಚಳಿಯಲ್ಲಿ ನಾಲ್ಕಾರು ಸಲ ಹೋಗಿ, ಅತ್ತೆಯ ಕೈಯಲ್ಲಿ ಸ್ವಲ್ಪ ಸ್ವಲ್ಪ ಹಿಟ್ಟು ರುಬ್ಬಿಸಿ, ತೊಳೆದ ನೀರನ್ನು ಪಾಟೀಲರ ಎದುರೇ ಅದೇ ಸಿಂಕಿಗೆ ಬಿಡಿಸಿದೆ. ಮೇಲಿನ ಮಹಡಿಯಿಂದ ನೀಲಿ ನೀರು ಬಿಟ್ಟೆ. ನೀಲಿ ಗುಂಡಿಯಲ್ಲಿ ಕಂಡಿತು, ಅತ್ತೆಯ ಸಿಂಕು ಬೆಳ್ಳಗೇ ಇತ್ತು. ನಾನು ಹೋದಾಗಲೆಲ್ಲ ಮಾವ ಪೇಪರು ಓದುತ್ತಿದ್ದರು, ಒಂದೇ ಪುಟವನ್ನು.

ಶಿವರಾತ್ರಿ ಕಳೆಯಿತು, ಚಳಿ ಹೋಯಿತು, ಸಿಂಕು ಕಟ್ಟಲಿಲ್ಲ. ಸರ್ಟಿಫಿಕೇಟು ಬರೆದೆ. ಆ ಕೆಲಸದಲ್ಲಿ ನಾನು ಹಾಕಿದ ಕೊನೆಯ ಸಹಿಗಳಲ್ಲಿ ಅದೂ ಒಂದು. ಪಾಟೀಲರನ್ನೂ ಕರೆದುಕೊಂಡು ಹೋಗಿ ಮಾವನ ಕೈಗೇ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡರು. ಅದು ಇಂಗ್ಲಿಷಿನಲ್ಲಿತ್ತು. ನನಗೇ ವಾಪಸು ಕೊಟ್ಟು, "ಕನ್ನಡದಲ್ಲಿ ಹೇಳು," ಎಂದರು.

ಹೇಳಿದೆ. ಚೋಕಪ್ ಆದದ್ದು ದೋಸೆ ಹಿಟ್ಟಿನಿಂದಲ್ಲ, ಈ ಮನೆಯೂ ಸೇರಿದಂತೆ ಈ ಪೈಪಿನ ಹಲವು ಅಡುಗೆಮನೆಗಳ ಎಣ್ಣೆ ಮತ್ತು ಅನ್ನದ ತೆಳಿಯಿಂದ, ಈಗ ಸರಿಪಡಿಸಲಾಗಿದೆ, ರುಬ್ಬುವ ಕೆಲಸಕ್ಕೆ ಅಡ್ಡಿಯಿಲ್ಲ.

"'ಈ ಮನೆಯೂ ಸೇರಿದಂತೆ' ಅಂತ ಬರೆಯದಿದ್ದರೆ ನಡೀತಿರಲಿಲ್ವಾ?"

"ಇಲ್ಲ ಮಾವ."

"ಹ್ಞೂಂ. ಕೆಳಗೆ ಎಂತ ಬರೆದದ್ದು?"

"ನನ್ನ ಹೆಸರು. ಪಕ್ಕದಲ್ಲಿ ಬಿ.ಇ."

ಮಾವ ಪಾಟೀಲರ ಕಡೆ ತಿರುಗಿದರು. "ಆ ಎರಡು ಅಕ್ಷರ ಇಲ್ಲದಿದ್ದರೆ ನೀವು ತೆಗೆದುಕೊಳ್ಳುತ್ತಿದ್ದಿರಾ?"

"ಇಲ್ರಿ. ಮೀಟಿಂಗ್‌ನ್ಯಾಗ ಹಂಗ ಬರದೈತಿ. ಡಿಗ್ರಿ ಇರಾಕ ಬೇಕು," ಎಂದು ಪಾಟೀಲರು ನನ್ನ ಕೈಯಿಂದ ಕಾಗದ ತೆಗೆದುಕೊಂಡು, ಮಡಿಸಿ ಜೇಬಿಗೆ ಹಾಕಿಕೊಂಡರು.

ನನ್ನ ಬಾಯಿ ಸುಮ್ಮನಿರಲಿಲ್ಲ. "ಮಾವ, ಆವತ್ತು ಪೇಡೆ ತಿನ್ನುತ್ತಾ ನೀವೊಂದು ಮಾತು ಹೇಳಿದ್ದು ನೆನಪುಂಟಾ?"

"ನನಗೆ ಯಾವುದೂ ನೆನಪಿಲ್ಲ," ಎಂದರು. ಕನ್ನಡಕ ತೆಗೆದು, ಪಂಚೆಯ ತುದಿಯಿಂದ ಒರೆಸಿ, ಡಬ್ಬಿಗೆ ಹಾಕಿದರು. ಆಮೇಲೆ ಅಡುಗೆಮನೆಯ ಕಡೆ ಮುಖ ಮಾಡಿ ದನಿ ಎತ್ತಿದರು.

"ಗಿರಿಜಾ, ಉದ್ದು ನೆನೆಸು."